ಮಾಹಿತಿ ಸೋರಿಕೆ: ಎಚ್ಚರಿಸುವವರಿಗೆ ರಕ್ಷಣೆ ಎಷ್ಟು?

ಮೈಸೂರಿನ ಚಾಮರಾಜಪುರಂನಲ್ಲಿ ಕುಳಿತು ಮೊಬೈಲ್ ಮೂಲಕ ದಿನಸಿ ತರಿಸಿಕೊಳ್ಳುವವರು ಹಣದೊಂದಿಗೆ ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆಯನ್ನೂ ಒಪ್ಪಿಸುತ್ತಾರೆ. ಆ ಮಾಹಿತಿ ಸೋರಿದರೆ ಅವರಿಗೆ ತಿಳಿಸುವವರು ಯಾರು?

ಪ್ರಕರಣ: ಬೆಂಗಳೂರಿನ ಬಿಗ್‌ಬ್ಯಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ವಿವರ ಮಾರಾಟಕ್ಕಿದೆ ಎಂದು 2020ರ ನವೆಂಬರ್‌ನಲ್ಲಿ ಬಹಿರಂಗಪಡಿಸಿದ್ದು ಸೈಬಲ್ ಎಂಬ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ. ಕಂಪನಿ ಬೆಂಗಳೂರಿನ ಸೈಬರ್ ಅಪರಾಧ ಪೊಲೀಸರಿಗೆ ದೂರು ನೀಡಿತು; ಕ್ರೆಡಿಟ್ ಕಾರ್ಡ್ ಸಂಖ್ಯೆಗಳನ್ನು ತಾನು ಸಂಗ್ರಹಿಸಿಡುವುದಿಲ್ಲ ಎಂದು ಸ್ಪಷ್ಟಪಡಿಸಿತು. 2021ರ ಏಪ್ರಿಲ್‌ನಲ್ಲಿ ಅದೇ ಮಾಹಿತಿಯೆನ್ನಲಾದ ಕಡತ ಅಂತರ್ಜಾಲದಲ್ಲಿ ಉಚಿತವಾಗಿ ಹರಿದಾಡಿತು.

ಕಾನೂನು: ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದಂತೆ, ಸೋರಿಕೆ ಗಮನಕ್ಕೆ ಬಂದ 6 ಗಂಟೆಯೊಳಗೆ ತನಗೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಾಧಿತರಿಗೂ ತಿಳಿಸಬೇಕೆನ್ನುತ್ತದೆ. ಭದ್ರತಾ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಆದರೆ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದಾಗ, ಇವುಗಳ ಪಾಲನೆಗೆ ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಯಿತು.

ಕೊರತೆ: ಲೋಪವನ್ನು ಮೊದಲು ಕಾಣಬಲ್ಲವರು ಒಳಗಿನ ನೌಕರರು. 2013ರ ಕಂಪನಿ ಕಾಯ್ದೆಯಡಿ, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ನೌಕರರು ದೂರು ನೀಡುವ ವ್ಯವಸ್ಥೆ ಹೊಂದಿರಬೇಕು. ಸಂಸತ್ತು ಅಂಗೀಕರಿಸಿದ 2014ರ ಮಾಹಿತಿದಾರರ ರಕ್ಷಣಾ ಕಾಯ್ದೆಯಾದರೋ ಸರ್ಕಾರಿ ನೌಕರರ ಅಕ್ರಮಗಳಿಗಷ್ಟೇ ಸೀಮಿತ. ಖಾಸಗಿ ಕಂಪನಿಯ ಲೋಪವನ್ನು ಹೊರಗೆಡಹುವ ನೌಕರನ ಉದ್ಯೋಗಕ್ಕೆ ಅದರಲ್ಲಿ ರಕ್ಷಣೆಯಿಲ್ಲ.