ಉಪ್ಪಿನ ಬಟ್ಟಲು ದಾಟಿದ ಬೇಲಿ

ಹೋದ ತಿಂಗಳು ಮಗ ಬೆಂಗಳೂರಿಂದ ಬಂದೋನು ಹಿತ್ತಲಲ್ಲಿ ನಿಂತ್ಕಂಡು, "ಅವ್ವ, ಈ ಮುರುಕಲು ಬೇಲಿ ಕಿತ್ತಾಕಿ ಸುತ್ತ ಕಾಂಪೌಂಡ್ ಎತ್ತಿಸ್ಬುಡನಾ. ಎಷ್ಟ್ ವರ್ಸ ಅಂತ ಮುಳ್ಳು ಕಟ್ಟೀಯೆ?" ಅಂದ. ಇಟ್ಟಿಗೆ ಎಷ್ಟು, ಸಿಮೆಂಟ್ ಎಷ್ಟು ಮೂಟೆ, ಎಲ್ಲಾ ಲೆಕ್ಕ ಫೋನಲ್ಲೇ ಹಾಕ್ಕೊಂಡಿದ್ದ. ಅವನ ಮಾತಲ್ಲಿ ತಪ್ಪೇನಿಲ್ಲ. ನಾನು "ತಡಿ ಮಗ, ನೋಡನ" ಅಂದೆ. ಅವತ್ತಿಂದ ಪಾತ್ರೆ ಬೆಳಗೋಕೆ ಹಿತ್ತಲಿಗೆ ಹೋದಾಗಲೆಲ್ಲ ಕಣ್ಣು ಆ ಬೇಲಿ ಮೇಲೇ ನಿಲ್ತದೆ.

ನಮ್ಮ ಬೇಲಿ ನೀವು ನೋಡಿರೋದೇ. ಕರಿಜಾಲಿ ಗೂಟ, ಅಡ್ಡಕ್ಕೆ ಬಿದಿರ ಗಳ, ಸಂದಿಗೆ ಮುಳ್ಳು. ಗೂಟಗಳನ್ನ ನೆಟ್ಟೋರು ನಮ್ಮ ಮಾವ. ನಾನು ಮದುವೆಯಾಗಿ ಬಂದಾಗ ಅವು ಕಂದು ಬಣ್ಣಕ್ಕೆ ಇದ್ದವು. ಈಗ ಬೂದಿ ಬಳಿದಂಗೆ, ಬೆಳದಿಂಗಳಲ್ಲಿ ನೋಡಿದ್ರೆ ಬೆಳ್ಳಿ ಕಂಬಿ ಹಂಗೆ ಕಾಣ್ತವೆ. ಬಿಸಿಲು ಮರದ ಮೇಲ್ಪದರದ ಅಂಟನ್ನ ಒಡೀತದೆ, ಮಳೆ ಅದನ್ನ ತೊಳ್ಕಂಡು ಹೋಗ್ತದೆ, ಉಳಿಯೋದು ಬಿಳೀ ನಾರು. ಬಣ್ಣ ಬಳಿದ ಮರಕ್ಕೆ ಈ ಮೆರುಗು ಬರೋದಿಲ್ಲ. ಕೈಯಾಡಿಸಿದ್ರೆ ಮುದುಕೀರ ಮುಂಗೈ ಮುಟ್ಟಿದಂಗಾಯ್ತದೆ.

ಮಾವ ಗೂಟ ಮಾಡ್ತಿದ್ದ ರೀತಿ ನೆನಪಲ್ಲದೆ. ಮೊದಲು ತೊಗಟೆ ಸುಲಿಯೋರು. ನೆಲದೊಳಗೆ ಹೋಗೋ ತುದೀನ ಒಲೆ ಉರೀಲಿ ಕರ್ರಗೆ ಸುಡೋರು. ಯಾಕೆ ಅಂದ್ರೆ, "ಗೂಟ ಮ್ಯಾಲೂ ಕೊಳಿಯಲ್ಲ, ತಳದಲ್ಲೂ ಬ್ಯಾಗ ಕೊಳಿಯಲ್ಲ. ಗಾಳಿ, ತ್ಯಾವ ಎರಡೂ ಸಿಗೋ ನೆಲದ ಮಟ್ಟದಲ್ಲಿ ಕೊಳೀತದೆ" ಅನ್ನೋರು. ಎಳೇ ಬಿಳಿ ಮರವನ್ನ ಗೆದ್ದಲು ತಿಂತದೆ, ಒಳಗಿನ ಚೇಗು ಉಳೀತದೆ. ಅದಕ್ಕೇ ಬಲಿತ ಮರವನ್ನೇ ಹುಡುಕೋರು. ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ವರ್ಷಕ್ಕೊಂದು ಸಲ ಹಳೇ ಮುಳ್ಳು ತೆಗೆದು ಹೊಸ ಮುಳ್ಳು ತುಂಬೋ ಕೆಲಸ ಇರೋದು.

ನಮ್ಮೂರ ಮಲ್ಲಿಕಾರ್ಜುನ ದೇವಸ್ಥಾನ ನೋಡೋಕೆ ದೂರದಿಂದ ಜನ ಬರ್ತಾರೆ. ಹೊಯ್ಸಳರ ಎರಡನೇ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಣ್ಣಾಯಕ ಕಟ್ಟಿಸಿದ್ದು ಅದು. ಕಟ್ಟಿಸಿದೋನ ಹೆಸರು ಉಳಿದದೆ, ಯಾಕೆ ಅಂದ್ರೆ ಅದು ಕಲ್ಲು. ಅದೇ ಊರಲ್ಲಿ ಅವತ್ತೂ ಹಿತ್ತಲಿತ್ತು, ಸೊಪ್ಪು ಬೆಳೀತಿತ್ತು, ದನ ನುಗ್ದಂಗೆ ಯಾರೋ ಬೇಲಿ ಕಟ್ಟಿರಲೇಬೇಕು. ಅದರದ್ದು ಒಂದು ಗೂಟವೂ ಉಳಿದಿಲ್ಲ. ಮರದ ಕೆಲಸಕ್ಕೂ ಹೆಂಗಸರ ಕೆಲಸಕ್ಕೂ ಶಾಸನ ಬರೆಸೋರು ಕಮ್ಮಿ.

ಬೇಲಿ ಚರಿತ್ರೆ ಪುಸ್ತಕದೊಳಕ್ಕೆ ಬರೋದು ಯುದ್ಧ ಆದಾಗ. ನಮ್ಮ ಜಿಲ್ಲೆಯದೇ ಕತೆ ಕೇಳಿ. ಟಿಪ್ಪು ಕಾಲದಲ್ಲಿ ಪಟ್ಣದ, ಅಂದ್ರೆ ಶ್ರೀರಂಗಪಟ್ಣದ, ಕೋಟೆಗೂ ಆಚೆ ದಟ್ಟವಾದ ಮುಳ್ಳುಬೇಲಿ ಇತ್ತು. ಇಂಗ್ಲಿಷರು ಅದನ್ನ 'ಬೌಂಡ್ ಹೆಡ್ಜ್' ಅಂತ ಬರಕೊಂಡವ್ರೆ. ಕಾವೇರಿಯ ಉತ್ತರ ದಡದಲ್ಲಿ ಟಿಪ್ಪು ಸೈನ್ಯ ಆ ಬೇಲಿಯೊಳಗೇ ಬೀಡು ಬಿಟ್ಟಿತ್ತು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸ್ ತನ್ನ ಸೈನ್ಯವನ್ನ ಮೂರು ಭಾಗ ಮಾಡಿ ನುಗ್ಗಿಸಿದ. ಒಂದು ಭಾಗ ಕರಿಘಟ್ಟದ ಕಡೆಯಿಂದ ಬಂತು. ಬೆಳಗಾಗೋ ಹೊತ್ತಿಗೆ ಬೇಲಿ ಅವರ ಕೈಲಿತ್ತು. ಮಾರ್ಚಿಯಲ್ಲಿ ಆದ ಒಪ್ಪಂದಕ್ಕೆ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಚಿಕ್ಕ ಮಕ್ಕಳು ಹೋದರು. ಆ ಮಕ್ಕಳನ್ನ ಕಳಿಸಿಕೊಟ್ಟ ತಾಯಂದಿರ ಹೊಟ್ಟೆ ಎಷ್ಟು ಉರೀತೋ ಅಂತ ನನಗೆ ಈಗಲೂ ಅನ್ನಿಸ್ತದೆ.

ಇನ್ನೊಂದು ಬೇಲಿ ಉತ್ತರದ ಕಡೇದು. ಉಪ್ಪಿನ ಸುಂಕ ತಪ್ಪಿಸಬಾರದು ಅಂತ ಇಂಗ್ಲಿಷರು ಸಿಂಧೂ ನದಿ ಕಡೆಯಿಂದ ಒಡಿಶಾ ಕಡೆಗಂಟ ಒಂದು ಸುಂಕದ ಗಡಿ ಮಾಡಿ, ಅದರ ಬಹಳಷ್ಟು ಉದ್ದಕ್ಕೆ ಮುಳ್ಳುಬೇಲಿ ಬೆಳೆಸಿದ್ರು. ಗಿಡ ಹತ್ತದ ಕಡೆ ಎಲಚಿ ಮುಳ್ಳು ತಂದು ಒಣಬೇಲಿ ಹಾಕಿದ್ರು. ಕಾಯೋಕೆ ಹತ್ತು ಸಾವಿರಕ್ಕಿಂತ ಹೆಚ್ಚು ಆಳು. ಬಡವರ ಗಂಜಿಗೆ ಬೀಳೋ ಹಿಡಿ ಉಪ್ಪನ್ನ ತಡೆಯೋಕೆ ಇಷ್ಟೆಲ್ಲಾ! ಒಣಬೇಲೀನ ಗೆದ್ದಲು ತಿಂತು, ಬೆಂಕಿ ಸುಟ್ತು, ಬಿರುಗಾಳಿ ಕೆಡವ್ತು. ಕಟ್ಟಿದ್ದನ್ನೇ ಮತ್ತೆ ಮತ್ತೆ ಕಟ್ಟಬೇಕಾಯ್ತು. ಕೊನೆಗೆ 1879ರಲ್ಲಿ ಆ ಗಡಿಯನ್ನೇ ಬಿಟ್ಟರು. ರಾಯ್ ಮಾಕ್ಸಮ್ ಅನ್ನೋರು ಅದರ ಕುರುಹು ಹುಡುಕ್ಕೊಂಡು ಇಂಡಿಯಾಕ್ಕೆ ಬಂದು, 2001ರಲ್ಲಿ ಒಂದು ಪುಸ್ತಕವನ್ನೇ ಬರೆದ್ರು.

ನಮ್ಮ ಬೇಲಿ ಮಾಡಿದ್ದು ಇದಕ್ಕೆ ತದ್ವಿರುದ್ಧ. ಅಡಿಗೆಮನೆ ಎದುರಿಗಿರೋ ಗೂಟದ ತಲೆ ಚಪ್ಪಟೆಯಾಗಿ ಸವೆದದೆ, ಗಮನಿಸಿದ್ದೀರಾ? ಉಪ್ಪನ್ನ ಕೈಯಿಂದ ಕೈಗೆ ಕೊಡಬಾರದು, ಜಗಳ ಆಯ್ತದೆ ಅಂತಾರಲ್ಲ. ಅದಕ್ಕೆ ನಮ್ಮತ್ತೆ ಉಪ್ಪಿನ ಬಟ್ಟಲನ್ನ ಆ ಗೂಟದ ಮೇಲೆ ಮಡಗೋರು, ಪಕ್ಕದ ಮನೆ ದೊಡ್ಡವ್ವ ಅಲ್ಲಿಂದ ತಗೊಳೋರು. ಮಜ್ಜಿಗೆ, ಒಲೆ ಹಚ್ಚೋಕೆ ಕೆಂಡ, ಬಾಣಂತಿಗೆ ಬೆಳ್ಳುಳ್ಳಿ, ಎಲ್ಲಾ ಆ ಗೂಟದ ಮೇಲಿಂದಲೇ ದಾಟಿದ್ದು. ದೀಪ ಹಚ್ಚಿದ ಮೇಲೆ ಮಾತ್ರ ಉಪ್ಪು ದಾಟ್ತಿರಲಿಲ್ಲ, ಬರೀ ಮಾತು ದಾಟೋದು.

ಎಲ್ಲಾ ಚೆಂದ ಅಂತ ಹೇಳಿದ್ರೆ ಸುಳ್ಳಾಯ್ತದೆ. ಬೇಲಿ ಆಚೆಯಿಂದಲೇ ಈಸ್ಕೊಂಡು, ಒಳಕ್ಕೆ ಕಾಲಿಡದೆ ಹೋಗಬೇಕಾಗಿದ್ದ ಹೆಣ್ಣುಮಕ್ಕಳೂ ಇದ್ದರು. ಕೊಯ್ಲಿನಲ್ಲಿ ನಮ್ಮ ಜೊತೇಲೇ ಬೆನ್ನು ಬಗ್ಗಿಸ್ತಿದ್ದೋರು ಅವರು. ಆಗ ಅದು ತಪ್ಪು ಅಂತ ನನಗೂ ಹೊಳೀಲಿಲ್ಲ. ಗೇಣುದ್ದ ಒತ್ತುವರಿಗೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದೂ ಬೇಲಿ ದೆಸೆಯಿಂದಲೇ.

ಬೇಲಿಯಲ್ಲಿ ಬೆಳೆದದ್ದೆಲ್ಲ ನಮ್ಮದೇ ಅಂದ್ಕೊಂಡಿದ್ದೀವಿ, ಅದೂ ಪೂರಾ ನಿಜ ಅಲ್ಲ. ಹಗ್ಗಕ್ಕೆ ನಾರು ಕೊಡೋ ಕತ್ತಾಳೆ ಮೆಕ್ಸಿಕೋ ಕಡೇದು. ಗೊಬ್ಬರದ ಗಿಡವೂ ಅಮೆರಿಕದ ಕಡೆಯಿಂದ ಬಂದದ್ದು. ಲಂಟಾನ 19ನೇ ಶತಮಾನದ ಮೊದಲಲ್ಲೇ ಕಲ್ಕತ್ತದ ತೋಟಕ್ಕೆ ಹೂವಿನ ಚೆಂದಕ್ಕೆ ಬಂದು ಕಾಡೆಲ್ಲ ಹಬ್ಬಿಕೊಂಡ್ತು. ಪಾಪಸುಕಳ್ಳೀನ ಈಸ್ಟ್ ಇಂಡಿಯಾ ಕಂಪನಿಯೋರು ಕೆಂಪು ಬಣ್ಣ ಕೊಡೋ ಹುಳ ಸಾಕೋಕೆ ಅಂತ ಬೆಳೆಸಿದ್ರು. ಅದು ಬೇಲಿ ಬಿಟ್ಟು ಹೊಲಕ್ಕೇ ನುಗ್ತು. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ. ಕೊನೆಗೆ 1920ರ ದಶಕದಲ್ಲಿ ಅದನ್ನೇ ತಿನ್ನೋ ಇನ್ನೊಂದು ಹುಳ ತಂದು ಬಿಟ್ಟ ಮೇಲೆ ಹತೋಟಿಗೆ ಬಂತು. ಮುಳ್ಳುತಂತಿಯೂ ಅಮೆರಿಕದ್ದೇ. ಅಲ್ಲಿ ಗ್ಲಿಡನ್ ಅನ್ನೋ ರೈತ 1874ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ತಂತಿ ಬಂದಮೇಲೆ ಮುಳ್ಳು ಕಟ್ಟೋ ಕೆಲಸ ತಪ್ತು, ನಿಜ. ಆದ್ರೆ ತಂತಿ ಬುಡದಲ್ಲಿ ತರಗು ನಿಲ್ಲಲ್ಲ, ತ್ಯಾವ ನಿಲ್ಲಲ್ಲ.

ಮುಳ್ಳುಬೇಲಿ ಬುಡದಲ್ಲಿ ಏನೇನು ಸಿಗೋದು ಅಂತ ನಿಮಗೆ ಹೇಳಬೇಕಾ? ಒಂದು ಮಳೆ ಬಿದ್ದರೆ ಅಣ್ಣೆ, ಗಣಿಕೆ, ಕನ್ನೆ, ಕಿರುಗುಸಾಲೆ. ದನದ ಬಾಯಿಗೆ, ಕಾಲಿಗೆ ಸಿಗದೆ ಮುಳ್ಳಿನ ಮರೇಲಿ ಬೆಳೆಯೋವು. ಮಡಲು ತುಂಬ ಕಿತ್ಕಂಡು ಬಂದ್ರೆ ರಾತ್ರಿ ಬೆರಕೆ ಸೊಪ್ಪಿನ ಸಾರು, ಬಿಸಿ ಮುದ್ದೆ. ಗಳದ ಮೇಲೆ ಚಪ್ಪರದವರೆ, ತೊಂಡೆ. ತೊಂಡೆ ಬಳ್ಳಿ ನಮ್ಮ ಕಡೆ ಬೇರು, ಕಾಯೆಲ್ಲ ದೊಡ್ಡವ್ವನ ಕಡೆ.

ಈಗ ಹೇಳಬೇಕಾದ್ದು ಹೇಳ್ತೀನಿ. ದೊಡ್ಡವ್ವ ಈಗ ಒಬ್ಬಳೇ. ಮಕ್ಕಳು ಊರಲ್ಲಿಲ್ಲ. ಬೆಳಿಗ್ಗೆ ಬೇಲಿ ಸಂದೀಲಿ ಅವಳ ಸೀರೆ ಸೆರಗು ಆಡೋದು ಕಂಡ್ರೆ ನನಗೆ ನೆಮ್ಮದಿ. ಹೋದ ಆಷಾಢದಲ್ಲಿ ಒಂದಿನ ಸೆರಗು ಕಾಣಲಿಲ್ಲ, ನೀರೊಲೆ ಹೊಗೆಯೂ ಕಾಣಲಿಲ್ಲ. ಬಗ್ಗಿ ನೋಡಿದೆ. ಬಚ್ಚಲ ಹತ್ರ ಜಾರಿ ಬಿದ್ದು, ಕೂಗೋಕೂ ಆಗದಂಗೆ ಒರಗಿದ್ಲು. ನಾನು ಮುಳ್ಳು ಸರಿಸಿಕೊಂಡೇ ದಾಟಿದೆ. ಕೈಯೆಲ್ಲ ಗೀರಿತ್ತು, ಆಮ್ಯಾಕೆ ಗೊತ್ತಾಯ್ತು. ಸೊಂಟದ ಮೂಳೆ ಉಳೀತು, ಪುಣ್ಯ. ಆರಡಿ ಗೋಡೆ ಇದ್ದಿದ್ರೆ ನಾನು ಸಾಯಂಕಾಲದಗಂಟ ಟಿವಿ ನೋಡ್ಕಂಡು ಕೂತಿರ್ತಿದ್ದೆ.

ಇದನ್ನ ಮಗನಿಗೆ ಹೇಳಿದೆ. ಸುಮ್ಮನೆ ಕೇಳಿಸ್ಕಂಡ. ರಸ್ತೆ ಕಡೆಗೆ ಗೋಡೆ ಎತ್ತಿಸ್ಲಿ, ಹಂದಿ ಕಾಟ ನನಗೂ ಸಾಕಾಗದೆ. ದೊಡ್ಡವ್ವನ ಕಡೇದು ಬೇಲಿಯಾಗೇ ಇರ್ತದೆ. ಎರಡು ಗೂಟ ನೆಲದ ಮಟ್ಟಕ್ಕೆ ಕೊಳೆತವೆ, ಅವಕ್ಕೆ ಬದಲು ಹೊಸ ಜಾಲಿ ಗೂಟ ಬೇಕು. ತುದಿ ಸುಡೋದು ಹೆಂಗೆ ಅಂತ ಮಗ ಕೇಳ್ದ, ತೋರಿಸ್ಕೊಟ್ಟೆ.

ನೆನ್ನೆ ದೊಡ್ಡವ್ವ ಕೋಲೂರಿಕೊಂಡು ಬಂದು, "ಗ್ವಾಡೆ ಕಟ್ಟಿಸ್ತೀರಂತೆ, ಹೌದೇನವ್ವ?" ಅಂದ್ಲು.

"ಆ ಕಡೆಗೆ ಕನ್ ದೊಡ್ಡವ್ವ. ಈ ಕಡೆಗಲ್ಲ."

ಏನೂ ಅನ್ನಲಿಲ್ಲ. ಒಳಗೆ ಹೋಗಿ ಒಂದು ಬಟ್ಟಲು ತೊಂಡೆಕಾಯಿ ತಂದು ಗೂಟದ ಮೇಲೆ ಮಡಗಿ ಹೋದ್ಲು.