ಪಟ್ಟಿಯಲ್ಲಿ ಪುನರುಕ್ತಿ

ಜಾಲತಾಣದಲ್ಲಿ ಅರ್ಜಿ ತುಂಬಿದವರು ಗುಂಡಿಯನ್ನು ಎರಡು ಸಲ ಒತ್ತಿದರೆ ಪಟ್ಟಿಯಲ್ಲಿ ಒಬ್ಬರೇ ಇಬ್ಬರಾಗುತ್ತಾರೆ. ಈ ತೊಡಕಿನ ಹಿಂದೆ ಹಳೆಯದೊಂದು ವಿವಾದವುಂಟು.

1970ರಲ್ಲಿ, ಅಮೆರಿಕದ ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞರು ಮಾಹಿತಿಯನ್ನೆಲ್ಲ ಕೋಷ್ಟಕಗಳಲ್ಲಿ ಇಡಬಹುದೆಂದು ತೋರಿಸಿದರು. ಅವರ ಕೋಷ್ಟಕವು ಗಣಿತದ ಗಣ. ಅದರಲ್ಲಿ ಒಂದೇ ಸಾಲು ಎರಡು ಸಲ ಬರಲಾಗದು. 1974ರಲ್ಲಿ ಅಲ್ಲಿಯವರೇ ಆದ ಚೇಂಬರ್ಲಿನ್ ಮತ್ತು ಬಾಯ್ಸ್ ಕೋಷ್ಟಕಗಳನ್ನು ಪ್ರಶ್ನಿಸುವ 'ಸೀಕ್ವೆಲ್' ಭಾಷೆಯನ್ನು ಪ್ರಕಟಿಸಿದರು. ಮುಂದೆ ಅದೇ 'ಎಸ್‌ಕ್ಯೂಎಲ್' ಆಯಿತು. 'ವೇರ್' ಎಂದರೆ ಅದು ಬೇಕಾದ ಸಾಲುಗಳನ್ನು ಸೋಸಿಕೊಡುತ್ತದೆ. ಆದರೆ ಇಮ್ಮಡಿಸಿದ ಸಾಲುಗಳನ್ನು ತಾನಾಗಿ ಕಳೆಯುವುದಿಲ್ಲ. ಎಲ್ಲವನ್ನೂ ಹೋಲಿಸಿ ನೋಡಲು ಯಂತ್ರಕ್ಕೆ ಹೊತ್ತು ಹಿಡಿಯುತ್ತದೆ. ಬೇಕೆಂದವರು 'ಡಿಸ್ಟಿಂಕ್ಟ್' ಎಂದು ಬಾಯಿಬಿಟ್ಟು ಹೇಳಬೇಕು. 1990ರ ತಮ್ಮ ಗ್ರಂಥದಲ್ಲಿ ಕಾಡ್ ಇದನ್ನು ಗಂಭೀರ ದೋಷವೆಂದೇ ಕರೆದರು. ಪುನರುಕ್ತಿಯನ್ನು ಕಾವ್ಯದೋಷವೆಂದು ಓದಿ ಬೆಳೆದ ನನಗೆ ಅವರ ಪಕ್ಷವೇ ಸರಿಯೆನಿಸುತ್ತದೆ.

ಆದರೂ ಅರ್ಜಿಗಳ ವಿಷಯದಲ್ಲಿ 'ಡಿಸ್ಟಿಂಕ್ಟ್' ಒಂದೇ ಸಾಲದು. ಎರಡನೆಯ ಸಲ ಒತ್ತಿದ ವೇಳೆ ಬೇರೆಯಾದ್ದರಿಂದ ಸಾಲುಗಳೂ ಬೇರೆಯೆಂದೇ ಲೆಕ್ಕ. ಆಗ 'ಗ್ರೂಪ್ ಬೈ' ಎಂದು ಮಿಂಚಂಚೆ ವಿಳಾಸದಂತೆ ಗುಂಪುಮಾಡಿ, ಗುಂಪಿಗೊಂದರಂತೆ ಮೊದಲ ವೇಳೆಯನ್ನು ಆರಿಸಬೇಕು. ಅಲ್ಲಿಯೂ ಎಚ್ಚರ ಬೇಕು: ತಾಯಿ ಮಗಳು ಒಂದೇ ವಿಳಾಸ ಕೊಟ್ಟಿದ್ದರೆ ಒಬ್ಬರ ಅರ್ಜಿ ಸದ್ದಿಲ್ಲದೆ ಬಿದ್ದುಹೋಗುತ್ತದೆ.