ವ್ಯಸನವೂ ಚಿಕಿತ್ಸೆಯೂ: ಇಬ್ಬರು ರಾಜಕುಮಾರರ ಚರಿತ್ರೆ

ನಮ್ಮ ಪ್ರಾಚೀನ ರಾಜನೀತಿಗ್ರಂಥಗಳು ಅರಸನು ವರ್ಜಿಸಬೇಕಾದ ವ್ಯಸನಗಳನ್ನು ಎಣಿಸುವಾಗ ಪಾನವನ್ನು ಮೃಗಯೆ, ದ್ಯೂತ, ಸ್ತ್ರೀ ಇವುಗಳ ಪಂಕ್ತಿಯಲ್ಲಿ ಇಟ್ಟಿವೆ. ‘ವ್ಯಸನ’ವೆಂಬ ಶಬ್ದಕ್ಕೆ ದುರಭ್ಯಾಸವೆಂಬ ಅರ್ಥವಿರುವಂತೆಯೇ ವಿಪತ್ತೆಂಬ ಅರ್ಥವೂ ಉಂಟು. ಲೋಕವು ಮೊದಲನೆಯ ಅರ್ಥವನ್ನೇ ಹಿಡಿದು ವ್ಯಸನಿಯನ್ನು ನಿಂದಿಸುತ್ತ ಬಂದಿತು. ಎರಡನೆಯದನ್ನು ಹಿಡಿದು, ಇವನು ವಿಪತ್ತಿಗೆ ಸಿಕ್ಕಿದವನೆಂದು ಬಗೆದು ಕೈನೀಡಿದವರು ಕಡಮೆ. ಈ ಎರಡು ಬಗೆಗಳಿಂದ ಉಂಟಾಗುವ ಫಲವು ಎಷ್ಟು ಭಿನ್ನವೆಂಬುದಕ್ಕೆ ಮೊಗಲ್ ಚರಿತ್ರೆಯಲ್ಲಿ ಒಂದು ಸ್ಪಷ್ಟವಾದ ನಿದರ್ಶನವಿದೆ. ಪ್ರಕೃತ ಲೇಖನದಲ್ಲಿ ಅದನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ಅಕ್ಬರ್ ಬಾದಶಹನಿಗೆ ಪ್ರಾಯಕ್ಕೆ ಬಂದ ಗಂಡುಮಕ್ಕಳು ಮೂವರು. 1569ರಲ್ಲಿ ಹುಟ್ಟಿದ ಸಲೀಮನು ಹಿರಿಯನು; ಮುರಾದನು 1570ರಲ್ಲಿಯೂ, ದಾನಿಯಾಲನು 1572ರಲ್ಲಿಯೂ ಜನಿಸಿದರು. ಮೂವರೂ ಪಾನಾಸಕ್ತರಾದರು. ಮುರಾದನು ದಕ್ಷಿಣದ ದಂಡಯಾತ್ರೆಯಲ್ಲಿರುವಾಗ, 1599ರಲ್ಲಿ, 30 ವರ್ಷ ತುಂಬುವುದಕ್ಕೆ ಮೊದಲೇ ಮಡಿದನು. ಅವನ ಬಳಿಕ ದಕ್ಷಿಣಕ್ಕೆ ಬಂದವನು ದಾನಿಯಾಲನು. ನಮ್ಮ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನು ತನ್ನ ಮಗಳನ್ನು 1604ರಲ್ಲಿ ವಿವಾಹಮಾಡಿಕೊಟ್ಟದ್ದು ಇವನಿಗೇ. ಆದುದರಿಂದ ಈ ಕಥೆಯು ಕನ್ನಡ ನಾಡಿಗೆ ಕೇವಲ ಹೊರಗಿನದಲ್ಲ.

ದಾನಿಯಾಲನ ಅಂತ್ಯವನ್ನು ಅವನ ಅಣ್ಣನಾದ ಸಲೀಮನೇ, ಜಹಾಂಗೀರನೆಂಬ ಹೆಸರಿನಿಂದ ಸಿಂಹಾಸನವನ್ನೇರಿದ ಮೇಲೆ, ತನ್ನ ಆತ್ಮವೃತ್ತಾಂತದಲ್ಲಿ ಬರೆದಿದ್ದಾನೆ. ಮಗನ ಸ್ಥಿತಿಯನ್ನು ಕೇಳಿದ ಅಕ್ಬರನು ಖಾನಖಾನನನ್ನು ಆಕ್ಷೇಪಿಸಿ ಫರ್ಮಾನುಗಳನ್ನು ಕಳುಹಿಸಿದನು. ಈ ಖಾನಖಾನನು ದಾನಿಯಾಲನಿಗೆ ಹೆಣ್ಣು ಕೊಟ್ಟ ಮತ್ತೊಬ್ಬ ಮಾವನು. ಅವನು ರಾಜಕುಮಾರನ ಸುತ್ತಲೂ ಕಾವಲನ್ನಿಟ್ಟು, ಮದ್ಯವು ಒಳಗೆ ಸೇರದಂತೆ ಕಟ್ಟುಮಾಡಿದನು. ದಾನಿಯಾಲನು ಸೇವಕರ ಮುಂದೆ ಅತ್ತು ಅಂಗಲಾಚಿದನು. ಕಡೆಗೆ ಅವನ ಬಂದೂಕುಗಾರನೊಬ್ಬನು ಯಜಮಾನನ ಮೇಲಿನ ಕನಿಕರದಿಂದಲೋ ಬಹುಮಾನದ ಆಸೆಯಿಂದಲೋ ಬಂದೂಕಿನ ನಳಿಗೆಯಲ್ಲಿ ಭಟ್ಟಿಯ ಸಾರಾಯಿಯನ್ನು ತುಂಬಿ ತಂದನು. ದಾನಿಯಾಲನು ಬಹಳ ಮೆಚ್ಚಿ, ‘ಚಟ್ಟಕ್ಕೆ ಸಮಾನ’ವೆಂಬ ಅರ್ಥದ ಹೆಸರನ್ನು ತಾನೇ ಇಟ್ಟಿದ್ದ ಬಂದೂಕು ಅದು. ನಳಿಗೆಯ ತುಕ್ಕೂ ಮದ್ದಿನ ಮಸಿಯೂ ಆ ಸಾರಾಯಿಯಲ್ಲಿ ಕರಗಿದ್ದುವು. ಅದನ್ನು ಕುಡಿದವನು ಮತ್ತೆ ಚೇತರಿಸಿಕೊಳ್ಳಲಿಲ್ಲ. ಇದು ನಡೆದುದು 1605ರಲ್ಲಿ. ಅವನಿಗಾಗ 32 ವರ್ಷ.

ಇನ್ನು ಸಲೀಮನ ಸ್ವಂತ ವೃತ್ತಾಂತ. ಅದನ್ನು ಅವನು ಲೇಶವೂ ಮರೆಮಾಚದೆ ಬರೆದಿರುವುದು ಆಶ್ಚರ್ಯಕರವಾಗಿದೆ. 18ನೆಯ ವಯಸ್ಸಿನವರೆಗೆ ಅವನು ಮದ್ಯವನ್ನು ಮುಟ್ಟಿದವನಲ್ಲ. ಅಟಕಿನ ಬಳಿ ಬೇಟೆಯಾಡಿ ಬಳಲಿ ಬಂದಾಗ, ಆಯಾಸಪರಿಹಾರಕ್ಕೆಂದು ಒಬ್ಬನ ಸಲಹೆಯಂತೆ ಸಿಹಿಯಾದ ದ್ರಾಕ್ಷಾಮದ್ಯವನ್ನು ಒಂದೂವರೆ ಬಟ್ಟಲು ಸೇವಿಸಿದನು. ದಿನಕ್ರಮೇಣ ಪ್ರಮಾಣವು ಏರಿತು. ದ್ರಾಕ್ಷಾಮದ್ಯವು ಅಮಲನ್ನೇ ಕೊಡದಂತಾಯಿತು. ಆಗ ಭಟ್ಟಿಯಿಳಿಸಿದ ಸಾರಾಯಿಯನ್ನು ಹಿಡಿದನು. 9 ವರ್ಷಗಳಲ್ಲಿ ಅದು ಅಹೋರಾತ್ರಿಯಲ್ಲಿ 20 ಬಟ್ಟಲಿಗೆ ಮುಟ್ಟಿತು. ಆಹಾರವು ಕ್ಷೀಣಿಸಿತು. ಕೈಗಳು ನಡುಗಿ ಬಟ್ಟಲನ್ನು ತಾನೇ ಹಿಡಿಯಲಾರದೆ ಇತರರು ಕುಡಿಸಬೇಕಾಯಿತು.

ಆ ಸ್ಥಿತಿಯಲ್ಲಿ ಅವನು ಹಕೀಮ್ ಹುಮಾಮನೆಂಬ ವೈದ್ಯನನ್ನು ಕರೆಯಿಸಿ, ಇದ್ದುದನ್ನು ಇದ್ದಂತೆ ಹೇಳಿದನು. ಹುಮಾಮನು ದಾಕ್ಷಿಣ್ಯ ನೋಡದೆ, ಇನ್ನಾರು ತಿಂಗಳು ಹೀಗೆಯೇ ನಡೆದರೆ ರೋಗವು ಪ್ರತೀಕಾರವನ್ನು ಮೀರುವುದೆಂದು ತಿಳಿಸಿದನು. ಅಂದಿನಿಂದ ಸಲೀಮನು ಪ್ರಮಾಣವನ್ನು ತಗ್ಗಿಸತೊಡಗಿದನು. ಸಾರಾಯಿಗೆ ದ್ರಾಕ್ಷಾಮದ್ಯವನ್ನು ಬೆರೆಸಿ ತೀಕ್ಷ್ಣತೆಯನ್ನು ಕುಗ್ಗಿಸಿದನು. 7 ವರ್ಷಗಳಲ್ಲಿ 20 ಬಟ್ಟಲು 6ಕ್ಕೆ ಇಳಿಯಿತು. ಆದರೆ ಮದ್ಯವು ಇಳಿದಂತೆ ಅಫೀಮು ಕೂಡಿದ ಫಿಲೋನಿಯಾ ಎಂಬ ಲೇಹ್ಯವು ಏರಿತು. ಮುಂದೆ ಅದರ ಸ್ಥಾನಕ್ಕೆ ಅಫೀಮೇ ಬಂದಿತು. ಆದುದರಿಂದ ಅವನು ಸಂಪೂರ್ಣವಾಗಿ ಮುಕ್ತನಾದನೆಂದು ಹೇಳಲಾಗದು. ಕಡೆಗಾಲದ ಅನಾರೋಗ್ಯವೂ ತಪ್ಪಲಿಲ್ಲ. ಆದರೂ ತಮ್ಮಂದಿರಿಬ್ಬರೂ ಅಕಾಲದಲ್ಲಿ ಅಳಿದಿರಲಾಗಿ, ಇವನು 1627ರ ವರೆಗೆ ಬದುಕಿ 22 ವರ್ಷಗಳ ಕಾಲ ರಾಜ್ಯವಾಳಿದನು.

ಅಣ್ಣತಮ್ಮಂದಿರ ಈ ಭೇದಕ್ಕೆ ಕಾರಣವೇನು? ಒಬ್ಬನಿಗೆ ಕಾವಲುಗಾರರು ದೊರೆತರು, ಇನ್ನೊಬ್ಬನಿಗೆ ವೈದ್ಯನು ದೊರೆತನು. ಅಕ್ಬರನ ಪುತ್ರವಾತ್ಸಲ್ಯವು ಕಡಮೆಯಾಗಿತ್ತೆಂದು ಯಾರೂ ಹೇಳಲಾರರು. ಆದರೆ ಆ ವಾತ್ಸಲ್ಯವು ಆಜ್ಞೆಯ ರೂಪವನ್ನು ಮಾತ್ರ ತಳೆಯಿತು. ಶರೀರವು ಮದ್ಯವಿಲ್ಲದೆ ನಿಲ್ಲಲಾರದ ಅವಸ್ಥೆಗೆ ಬಂದಮೇಲೆ ಅಪ್ಪಣೆಯಿಂದ ಅದನ್ನು ನಿಲ್ಲಿಸುವುದು ಜ್ವರಕ್ಕೆ ಇಳಿಯೆಂದು ಅಪ್ಪಣೆ ಕೊಟ್ಟಂತೆ. ಬಾಗಿಲನ್ನು ಮುಚ್ಚಿದಷ್ಟೂ ಗುಟ್ಟಿನ ದಾರಿಯು ತೆರೆಯುತ್ತದೆ.

ಈ ತತ್ತ್ವವು ನಮ್ಮ ಪೂರ್ವಿಕರಿಗೆ ಅಪರಿಚಿತವಾಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನವು ರೂಢಿಯಾದ ಅಹಿತಾಭ್ಯಾಸವನ್ನು ಒಮ್ಮೆಗೇ ಬಿಡದೆ ಪಾದಪಾದವಾಗಿ ಕ್ರಮದಿಂದ ಬಿಡಬೇಕೆಂದು ವಿಧಿಸುತ್ತದೆ. ಅದೇ ಗ್ರಂಥದ ಚಿಕಿತ್ಸಾಸ್ಥಾನದಲ್ಲಿ ಮದಾತ್ಯಯವು ಇತರ ರೋಗಗಳಂತೆ ಒಂದು ರೋಗವೆಂದೇ ಪರಿಗಣಿಸಲ್ಪಟ್ಟು ಒಂದು ಅಧ್ಯಾಯವನ್ನು ಪಡೆದಿದೆ. ಮದ್ಯವನ್ನು ಬಿಟ್ಟಿದ್ದವನು ಹಠಾತ್ತಾಗಿ ಮತ್ತೆ ಅತಿಯಾಗಿ ಸೇವಿಸಿದರೆ ಧ್ವಂಸಕ, ವಿಕ್ಷಯ ಎಂಬ ದುಸ್ಸಾಧ್ಯ ವಿಕಾರಗಳುಂಟಾಗುವುವೆಂದೂ ಅಲ್ಲಿ ಹೇಳಿದೆ.

ಅಫೀಮಿನ ವಿಷಯದಲ್ಲಿಯೂ ಇಂಥದೇ ಒಂದು ಸಾಕ್ಷ್ಯವು ನಮ್ಮ ನೆರೆಯಿಂದಲೇ ದೊರೆಯುತ್ತದೆ. 1583ರಿಂದ ಕೆಲವು ವರ್ಷ ಗೋವೆಯಲ್ಲಿದ್ದ ಲಿನ್‌ಸ್ಖೋಟನ್ ಎಂಬ ಡಚ್ಚನು 1596ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ, ಅಫೀಮಿಗೆ ಒಗ್ಗಿದವನು ಅದನ್ನು ನಿತ್ಯವೂ ತಿನ್ನದಿದ್ದರೆ ಕ್ಷಯಿಸಿ ಸಾಯುವನೆಂದೂ, ಒಗ್ಗಿದವನ ಪ್ರಮಾಣವನ್ನು ಹೊಸಬನು ತಿಂದರೆ ಅದು ಅವನನ್ನು ಕೊಲ್ಲುವುದೆಂದೂ ಬರೆದಿದ್ದಾನೆ. ಇಂದಿನ ವೈದ್ಯರು ವ್ಯಸನದ ಮುಖ್ಯ ಲಕ್ಷಣಗಳಲ್ಲಿ ಎಣಿಸುವ ಎರಡೂ, ಎಂದರೆ ಪ್ರಮಾಣವು ಏರುತ್ತ ಹೋಗುವುದು ಮತ್ತು ಬಿಟ್ಟೊಡನೆ ದೇಹವು ತತ್ತರಿಸುವುದು, ಇಲ್ಲಿ ಕಾಣುತ್ತವೆ. ಕೆಲಕಾಲ ಬಿಟ್ಟವನೂ ಹೊಸಬನಂತೆಯೇ ಆಗುತ್ತಾನೆ. ಹಳೆಯ ಪ್ರಮಾಣಕ್ಕೆ ಮರಳಿದೊಡನೆ ಪ್ರಾಣಾಪಾಯವು ಒದಗುವುದು ಇದರಿಂದಲೇ.

ಲಕ್ಷಣವನ್ನು ಅರಿತರೂ ಔಷಧವನ್ನು ಕಾಣುವುದಕ್ಕೆ ಲೋಕವು ಬಹುಕಾಲ ತಡವರಿಸಿತು. 19ನೆಯ ಶತಮಾನದ ಆದಿಯಲ್ಲಿ ಸೆರ್ಟ್ಯೂರ್ನರನು ಅಫೀಮಿನಿಂದ ಮಾರ್ಫಿನ್ ಎಂಬ ಸಾರವನ್ನು ಬೇರ್ಪಡಿಸಿದನು. ಅಫೀಮಿನ ಚಟವನ್ನು ಬಿಡಿಸಲು ಮಾರ್ಫಿನ್ನನ್ನೇ ಕೊಟ್ಟರು. ಚಟವು ಹೋಗದೆ ಹೆಸರು ಮಾತ್ರ ಬದಲಾಯಿತು. 1898ರಲ್ಲಿ ಜರ್ಮನಿಯ ಬೇಯರ್ ಕಂಪೆನಿಯು ಹೆರಾಯಿನ್ನನ್ನು ಕೆಮ್ಮಿನ ಔಷಧವಾಗಿ ಮಾರಾಟಕ್ಕೆ ತಂದಿತು. ಅದು ಚಟವನ್ನುಂಟುಮಾಡದೆಂದು ನಂಬಿದ ವೈದ್ಯರೂ ಇದ್ದರು. ಅನಂತರ 1964ರಲ್ಲಿ ನ್ಯೂಯಾರ್ಕಿನ ಡೋಲ್ ಮತ್ತು ನಿಸ್ವಾಂಡರ್ ಎಂಬ ವೈದ್ಯರು ಮೆಥಡೋನ್ ಚಿಕಿತ್ಸೆಯನ್ನು ಆರಂಭಿಸಿದರು. ಇದೂ ಒಂದಕ್ಕೆ ಬದಲು ಇನ್ನೊಂದಲ್ಲವೆ ಎಂದು ವಾಚಕರು ಕೇಳಬಹುದು. ಭೇದವಿದೆ. ಮೆಥಡೋನಿನ ಕಾರ್ಯವು ನಿಧಾನವಾದುದು. ದಿನಕ್ಕೊಮ್ಮೆ ವೈದ್ಯನ ಅಳತೆಯಲ್ಲಿ ಸೇವಿಸಿದರೆ ಅಮಲೂ ಅಲ್ಲ, ಹಾತೊರೆಯುವಿಕೆಯೂ ಅಲ್ಲ ಎಂಬ ಸಮಸ್ಥಿತಿಯಲ್ಲಿ ಮನುಷ್ಯನು ತನ್ನ ಕೆಲಸವನ್ನು ನೋಡಿಕೊಳ್ಳಬಲ್ಲನು. ಮೆಥಡೋನ್, ಬ್ಯುಪ್ರಿನಾರ್ಫಿನ್ ಎರಡನ್ನೂ 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈ ಚರಿತ್ರೆಯಿಂದ ಗೃಹಸ್ಥರು ತೆಗೆದುಕೊಳ್ಳಬೇಕಾದುದು ಮೊದಲು ಕಾಣುವ ಕಣ್ಣು. ಅರಮನೆಯಲ್ಲಿ ಕಂಡುದೇ ಮನೆಯಲ್ಲಿಯೂ ಕಾಣುತ್ತದೆ. ಊಟನಿದ್ರೆಗಳ ಕ್ರಮ ತಪ್ಪುವುದು, ದೇಹವು ಇಳಿಯುವುದು, ಬೆಳಗಿನ ಕೈನಡುಕ, ಹಳೆಯ ಸ್ನೇಹಿತರನ್ನು ತೊರೆದು ಹೊಸಬರೊಡನೆ ಗುಟ್ಟಾಗಿ ತಿರುಗುವುದು, ಓದಿನಲ್ಲಿ ಹಿಂದೆ ಬೀಳುವುದು, ಮನೆಯ ಹಣವೂ ಒಡವೆಯೂ ಲೆಕ್ಕಕ್ಕೆ ಸಿಗದಿರುವುದು, ಕಾರಣವಿಲ್ಲದ ಕೋಪ ಇವು ಸಾಮಾನ್ಯ ಲಕ್ಷಣಗಳು. ಅಫೀಮಿನ ವರ್ಗದ ಪದಾರ್ಥಗಳಿಂದ ಕಣ್ಣಿನ ಪಾಪೆಯು ಸೂಜಿಮೊನೆಯಷ್ಟು ಕಿರಿದಾಗುತ್ತದೆ. ಚುಚ್ಚಿಕೊಳ್ಳುವವರ ತೋಳಿನಲ್ಲಿ ಗುರುತುಗಳಿರುತ್ತವೆ. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಕಾರಣವಿರಬಹುದು. ಹಲವು ಕೂಡಿ ಬಂದಾಗ ಶಾಂತವಾಗಿ ಕೇಳಬೇಕು, ವೈದ್ಯರಿಗೆ ತೋರಿಸಬೇಕು.

ಎರಡನೆಯದು, ಮನೆಯಲ್ಲಿಯೇ ಕೂಡಿಹಾಕಿ ಬಿಡಿಸುವ ಸಾಹಸವು ಸಲ್ಲದು. ಬಹುಕಾಲ ಮದ್ಯಕ್ಕೆ ಒಗ್ಗಿದವನು ಥಟ್ಟನೆ ನಿಲ್ಲಿಸಿದರೆ ಸೆಳವು, ಚಿತ್ತಭ್ರಮೆಗಳು ತಲೆದೋರಿ ಪ್ರಾಣಕ್ಕೇ ಮುಳುವಾಗಬಹುದು. ಇಂದು ಹುಮಾಮನನ್ನು ಹುಡುಕಲು ರಾಜಪುತ್ರನೇ ಆಗಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಅದೇ ಸಂಸ್ಥೆಯವರು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದುದರಿಂದ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಮೊದಲು ವಿಚಾರಿಸಬಹುದು. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446. ಮಾನಸಿಕ ಆರೋಗ್ಯದ ‘ಟೆಲಿ ಮಾನಸ್’ ಸಂಖ್ಯೆ 14416. ಪೊಲೀಸರ ಭಯದಿಂದ ರೋಗವನ್ನು ಬಚ್ಚಿಡುವವರು ತಿಳಿಯಬೇಕಾದುದೊಂದುಂಟು: ಸೇವನೆಯ ಅಥವಾ ಅಲ್ಪಪ್ರಮಾಣದ ಅಪರಾಧದ ಆರೋಪವಿರುವ ವ್ಯಸನಿಯು ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯ ಚಿಕಿತ್ಸೆಗೆ ಬಂದರೆ, 1985ರ ಮಾದಕವಸ್ತು ಕಾನೂನಿನ 64ಎ ಪ್ರಕರಣವು ಅವನಿಗೆ ಮೊಕದ್ದಮೆಯಿಂದ ರಕ್ಷಣೆಯನ್ನು ಕೊಡುತ್ತದೆ, ಚಿಕಿತ್ಸೆಯನ್ನು ಅರ್ಧದಲ್ಲಿ ಬಿಟ್ಟರೆ ಆ ರಕ್ಷಣೆಯು ಹೋಗಬಹುದು.

ಮೂರನೆಯದು ತಾಳ್ಮೆ. ಬಾದಶಹನ ಮಗನಿಗೇ 20 ಬಟ್ಟಲಿನಿಂದ 6ಕ್ಕೆ ಇಳಿಯಲು 7 ವರ್ಷಗಳು ಹಿಡಿದುವು. ಚಿಕಿತ್ಸೆಯ ನಡುವೆ ಒಮ್ಮೆ ಜಾರಿದವನನ್ನು ಕೆಟ್ಟನೆಂದು ಕೈಬಿಡುವುದು ತರವಲ್ಲ. ಮರುಕಳಿಸಿದ ಜ್ವರಕ್ಕೆ ಮತ್ತೆ ಮದ್ದು ಕೊಡುವೆವಷ್ಟೆ. ಮನೆಯ ಮಾನವು ಹೋದೀತೆಂದು ವಿಷಯವನ್ನು ಮುಚ್ಚಿಡುವ ಹಿರಿಯರು ದಾನಿಯಾಲನ ಬಿಡಾರದ ಕಾವಲನ್ನು ನೆನೆದುಕೊಳ್ಳಲಿ. ಆ ಕಾವಲುಗಾರರಲ್ಲಿ ಯಾರೂ ಅವನ ಶತ್ರುಗಳಾಗಿರಲಿಲ್ಲ. ಅವರ ನಡುವೆ ವೈದ್ಯನೊಬ್ಬನು ಇರಬೇಕಾಗಿತ್ತು.